ತೊಟ್ಟಿಲ ಕೌದಿ

ಪ್ಯಾರಿಸ್ಸಿನ ಪಾಂಪಿದು ಕೇಂದ್ರದ ಕಲಾಸಂಗ್ರಹದಲ್ಲಿ ಪಿಕಾಸೊ, ಮಾತೀಸರ ಚಿತ್ರಗಳ ಜೊತೆಗೆ ಒಂದು ಕೂಸಿನ ಕೌದಿಯೂ ಇದೆ. ನಮ್ಮ ಕಡೆ ಅಜ್ಜಿಯಂದಿರು ಹಳೆಯ ಸೀರೆ, ಧೋತರಗಳ ಚೂರು ಕೂಡಿಸಿ ಹೊಲಿಯುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ. 1911ರಲ್ಲಿ ಅದನ್ನು ಹೊಲಿದವಳು ಚಿತ್ರಕಲಾವಿದೆ ಸೋನಿಯಾ ದೆಲೊನೆ, ಆ ವರ್ಷ ಹುಟ್ಟಿದ ಮಗ ಶಾರ್ಲ್‌ನಿಗಾಗಿ.

ಸೋನಿಯಾ ಹುಟ್ಟಿದ್ದು 1885ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಉಕ್ರೇನಿನಲ್ಲಿ. ಬಡವರ ಮಗಳು. ಎಳವೆಯಲ್ಲಿಯೇ ಸೇಂಟ್ ಪೀಟರ್ಸ್‌ಬರ್ಗಿನ ಶ್ರೀಮಂತ ಸೋದರಮಾವನ ಮನೆ ಸೇರಿದಳು. ಜರ್ಮನಿಯಲ್ಲಿ ಚಿತ್ರಕಲೆ ಕಲಿತು ಪ್ಯಾರಿಸ್ಸಿಗೆ ಬಂದಳು. 1910ರಲ್ಲಿ ಚಿತ್ರಕಾರ ರೋಬೆರ್ ದೆಲೊನೆಯನ್ನು ಮದುವೆಯಾದಳು. ಮಗನಿಗೆ ಕೌದಿ ಹೊಲಿಯುವಾಗ ಅವಳ ಮನಸ್ಸಿನಲ್ಲಿದ್ದದ್ದು ಹುಟ್ಟಿದ ನಾಡಿನ ರೈತರ ಮನೆಯ ಹೊದಿಕೆಗಳು. ಮುಗಿದ ಮೇಲೆ ನೋಡಿದರೆ ಅದು ಆಗಿನ ಹೊಸ ಚಿತ್ರಗಳ ಹಾಗೆಯೇ ಕಂಡಿತು! ಗಂಡಹೆಂಡಿರು ಅದೇ ಹಾದಿಯನ್ನು ಚಿತ್ರಪಟದಲ್ಲಿಯೂ ಹಿಡಿದರು. ಮನುಷ್ಯರಿಲ್ಲ, ಮರಗಿಡಗಳಿಲ್ಲ, ಬಣ್ಣದ ಪಕ್ಕ ಬಣ್ಣ, ಅಷ್ಟೇ.

ಇದರ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಗೋಡೆಗೆ ತೂಗುಹಾಕುವ ಚಿತ್ರನೇಯ್ಗೆಗೆ ಹೆಸರಾದ ಪ್ಯಾರಿಸ್ಸಿನ ಗೊಬ್ಲಾಂ ಕಾರ್ಖಾನೆಯಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವೇ ಇಲ್ಲ. ಪಕ್ಕದ ಬಣ್ಣಗಳಿಂದಾಗಿ ಅದು ಹಾಗೆ ಕಾಣುತ್ತಿತ್ತು. 1839ರಲ್ಲಿ ಆತ ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಸೀರೆ ಹಿಡಿದುಕೊಂಡು ಬ್ಲೌಸ್‌ಪೀಸಿಗಾಗಿ ನಾಲ್ಕು ಅಂಗಡಿ ತಿರುಗುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬಿಡಿ.

1917ರ ಕ್ರಾಂತಿಯಿಂದ ಸೋನಿಯಾಳಿಗೆ ರಷ್ಯಾದಿಂದ ಬರುತ್ತಿದ್ದ ಬಾಡಿಗೆಯ ಹಣ ನಿಂತುಹೋಯಿತು. ಗಂಡ, ಏಳು ವರ್ಷದೊಳಗಿನ ಮಗ, ಯುದ್ಧದ ಕಾಲ, ಪರದೇಶ. ಮ್ಯಾಡ್ರಿಡ್‌ನಲ್ಲಿ ‘ಕಾಸಾ ಸೋನಿಯಾ’ ಎಂಬ ಅಂಗಡಿ ತೆರೆದಳು. ಉಡುಪು ಮಾರಿದಳು, ಸಿರಿವಂತರ ಮನೆಗಳ ಒಳಾಂಗಣ ಸಿಂಗರಿಸಿಕೊಟ್ಟಳು. 1921ರಲ್ಲಿ ಪ್ಯಾರಿಸ್ಸಿಗೆ ಮರಳಿದ ಮೇಲೆ ತನ್ನ ಮನೆಯನ್ನೇ ಮಾದರಿ ಮಾಡಿದಳು. ಕವಿ ಫಿಲಿಪ್ ಸೂಪೋನ ಪದ್ಯವೊಂದನ್ನು ಪರದೆಯ ಮೇಲೆ ಕಸೂತಿ ಹಾಕಿದಳು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಅವಳ ಬಟ್ಟೆಗಳ ಮಳಿಗೆಯಿತ್ತು. 1927ರಲ್ಲಿ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಗೂ ಉಡುಪಿಗೂ ಇರುವ ನಂಟಿನ ಬಗ್ಗೆ ಉಪನ್ಯಾಸ ಕೊಟ್ಟಳು.

ಸಂಸಾರಕ್ಕಾಗಿ ಆಕೆ ಚಿತ್ರ ಬರೆಯುವುದನ್ನು ತ್ಯಾಗ ಮಾಡಿದಳೆಂದು ಹೇಳುವವರಿದ್ದಾರೆ. ಇತಿಹಾಸ ಪಾಠ ಮಾಡುವ ನನಗೆ ಈ ‘ತ್ಯಾಗ’ ಎಂಬ ಮಾತು ಕೇಳಿದರೆ ಕಿರಿಕಿರಿ. ಗಂಡ ಚೌಕಟ್ಟಿನೊಳಗೆ ಮಾಡಿದ್ದನ್ನೇ ಇವಳು ಪರದೆ, ಜಮಖಾನೆ, ಕೋಟುಗಳಲ್ಲಿ ಮಾಡಿದಳು; ಅದರಿಂದ ಮನೆಯೂ ನಡೆಯಿತು. ಒಂದಕ್ಕೆ ಕಲೆ, ಇನ್ನೊಂದಕ್ಕೆ ಅಲಂಕಾರ ಎಂದು ಹೆಸರಿಟ್ಟವರು ಯಾರು? ಹಾಗೆ ನೋಡಿದರೆ, ಯಾವ ರೈತ ಹೆಂಗಸರ ಹೊದಿಕೆ ಇವಳ ಕಣ್ಣು ತೆರೆಸಿತೋ ಅವರ ಹೆಸರನ್ನಂತೂ ಯಾರೂ ಬರೆದಿಡಲಿಲ್ಲ.

1941ರಲ್ಲಿ ರೋಬೆರ್ ತೀರಿಕೊಂಡ. ಆಮೇಲೆ ಆಕೆ ಅವನ ಹೆಸರು ಉಳಿಸಲು ವರ್ಷಗಟ್ಟಲೆ ದುಡಿದಳು. 1964ರಲ್ಲಿ ಲೂವ್ರ್ ಸಂಗ್ರಹಾಲಯ ಇಬ್ಬರ ಕೃತಿಗಳನ್ನೂ ಪ್ರದರ್ಶಿಸಿದಾಗ, ಬದುಕಿರುವಾಗಲೇ ಆ ಗೌರವ ಪಡೆದ ಮೊದಲ ಮಹಿಳೆ ಎನಿಸಿಕೊಂಡಳು. ವಯಸ್ಸು ಎಂಬತ್ತರ ಹತ್ತಿರ. ತೀರಿಕೊಂಡದ್ದು 1979ರಲ್ಲಿ.

ಕೌದಿ ಇರುವ ಸಂಗ್ರಹದಲ್ಲಿಯೇ ಅವಳ ಇನ್ನೊಂದು ಕೃತಿಯಿದೆ, 1913ರ ‘ಬಾಲ್ ಬುಲಿಯೆ’. ಅದೇ ಹೆಸರಿನ ನೃತ್ಯಮಂದಿರದಲ್ಲಿ ಜೋಡಿಗಳು ಕುಣಿಯುತ್ತ ಬಣ್ಣಗಳಾಗಿ ಕರಗುವ ಚಿತ್ರ. ಒಂದು ಮೀಟರಿಗೂ ಕಡಿಮೆ ಎತ್ತರ, ಸುಮಾರು ನಾಲ್ಕು ಮೀಟರ್ ಉದ್ದ. ಅದನ್ನು ಅವಳು ಬರೆದದ್ದು ಗಾದಿ ಹೊಲಿಯುವ ಬಟ್ಟೆಯ ಮೇಲೆ.