ಒಂಬತ್ತು ಸಲ ಮಾಡಿದ ಲೆಕ್ಕ: ರಷ್ಯಾ–ಚೀನಾ ವಿಜ್ಞಾನ ಸಹಕಾರದ ಏಳು ದಶಕ

1960-61ರ ಮಾತು. ಬೀಜಿಂಗಿನಲ್ಲಿ ಡೆಂಗ್ ಜಿಯಾಶಿಯಾನ್ ನೇತೃತ್ವದ ಯುವ ವಿಜ್ಞಾನಿಗಳ ಗುಂಪೊಂದು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತ ಕೂತಿತ್ತು. ಕೈಯಲ್ಲಿದ್ದದ್ದು ಹಿಡಿ ತಿರುಗಿಸುವ ಲೆಕ್ಕದ ಯಂತ್ರ, ಮಣಿ ಸರಿಸುವ ಅಬ್ಯಾಕಸ್. ಅಣುಬಾಂಬು ಸಿಡಿಯುವ ಕ್ಷಣದಲ್ಲಿ ಅದರ ಒಳಗಿನ ಒತ್ತಡ ಎಷ್ಟು? ಸೋವಿಯತ್ ತಜ್ಞರು 1958ರಲ್ಲಿ ಪಾಠ ಹೇಳುವಾಗ ಇದಕ್ಕೊಂದು ಅಂಕಿ ಕೊಟ್ಟಿದ್ದರು. ಲೆಕ್ಕ ಅದಕ್ಕೆ ತಾಳೆಯಾಗುತ್ತಿರಲಿಲ್ಲ. ಒಂಬತ್ತು ಸಲ ಮಾಡಿದರೂ ಅಂತರ ಹಾಗೇ ಉಳಿಯಿತು.

ಕೊನೆಗೆ ಗಂಟು ಬಿಡಿಸಿದವರು ಭೌತವಿಜ್ಞಾನಿ ಝೌ ಗುವಾಂಗ್‌ಝಾವೊ. ಸ್ಫೋಟಕದಿಂದ ಹೆಚ್ಚೆಂದರೆ ಎಷ್ಟು ಕೆಲಸ ಹೊರಡಬಹುದು ಎಂಬ ಬೇರೆಯದೇ ದಾರಿ ಹಿಡಿದು, ಆ ಅಂಕಿ ಸಾಧ್ಯವೇ ಇಲ್ಲ ಎಂದು ತೋರಿಸಿದರು. ಲೆಕ್ಕ ಸರಿಯಿತ್ತು, ಗುರುಗಳು ಕೊಟ್ಟ ಅಂಕಿ ತಪ್ಪಾಗಿತ್ತು. ಗುರುವಿಗೇ ತಿರುಮಂತ್ರ ಹಾಕಿದ ಈ ಝೌ ನಾಲ್ಕು ವರ್ಷ ಸಂಶೋಧನೆ ಮಾಡಿ ಆಗಷ್ಟೇ ಮರಳಿದ್ದದ್ದು ಎಲ್ಲಿಂದ? ರಷ್ಯಾದ ದುಬ್ನಾದಿಂದ.

ಗಡಿ ಹಂಚಿಕೊಂಡ ಎರಡು ದೊಡ್ಡ ದೇಶಗಳ ವಿಜ್ಞಾನ ಸಹಕಾರದ ಕತೆಯೆಲ್ಲ ಈ ಒಂದು ಘಟನೆಯಲ್ಲಿದೆ. ಯಂತ್ರ ತುಕ್ಕು ಹಿಡಿಯುತ್ತದೆ, ಒಪ್ಪಂದ ಹರಿಯುತ್ತದೆ. ಕಲಿತವನ ತಲೆಯಲ್ಲಿ ಇಳಿದದ್ದನ್ನು ಮಾತ್ರ ಯಾವ ಸರ್ಕಾರವೂ ವಾಪಸು ಕೇಳಲಾರದು.

ನಕಲಿನ ಖರ್ಚು ಮಾತ್ರ

1950ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಸ್ನೇಹ ಒಪ್ಪಂದವಾದಾಗ ಚೀನಾ ಯುದ್ಧಗಳಿಂದ ಜರ್ಜರಿತವಾಗಿತ್ತು. ಮೊದಲ ಪಂಚವಾರ್ಷಿಕ ಯೋಜನೆಯ (1953-57) ಬೆನ್ನೆಲುಬಾಗಿ ಬಂದವು ಸೋವಿಯತ್ ನೆರವಿನ ‘156 ಯೋಜನೆ’ಗಳು: ಉಕ್ಕು, ವಿದ್ಯುತ್, ವಿಮಾನ, ಯಂತ್ರೋಪಕರಣ. ಚಾಂಗ್‌ಚುನ್‌ನಲ್ಲಿ 1953ರ ಜುಲೈಯಲ್ಲಿ ಅಡಿಗಲ್ಲು ಬಿದ್ದ ಕಾರ್ಖಾನೆಯಿಂದ ಮೂರೇ ವರ್ಷಕ್ಕೆ ‘ಜಿಯೆಫಾಂಗ್’ ಲಾರಿ ಹೊರಬಂತು. ಹೆಸರು ಚೀನಾದ್ದು, ವಿನ್ಯಾಸ ಸೋವಿಯತ್ತಿನ ಝಿಸ್-150 ಲಾರಿಯದು.

1954ರ ಅಕ್ಟೋಬರಿನ ವಿಜ್ಞಾನ-ತಂತ್ರಜ್ಞಾನ ಒಪ್ಪಂದದ ಶರತ್ತಂತೂ ಇಂದಿನ ಪೇಟೆಂಟ್ ವಕೀಲರನ್ನು ಬೆಚ್ಚಿಬೀಳಿಸುವಂಥದ್ದು. ನಕ್ಷೆ, ತಾಂತ್ರಿಕ ದಾಖಲೆಗಳು ಉಚಿತ. ನಕಲು ತೆಗೆಯುವ ಖರ್ಚು ಕೊಟ್ಟರೆ ಸಾಕು. 1958ರಲ್ಲಿ ಬೀಜಿಂಗ್ ಬಳಿ ಸೋವಿಯತ್ ನೆರವಿನ ಭಾರಜಲ ರಿಯಾಕ್ಟರು, ಸೈಕ್ಲೋಟ್ರಾನ್ ಎರಡೂ ಶುರುವಾದವು. ಇದೆಲ್ಲ ಬರೀ ದಾನವೇನಲ್ಲ. 1955ರ ಒಪ್ಪಂದದಂತೆ ಚೀನಾದ ನೆಲದಲ್ಲಿ ಇಬ್ಬರೂ ಸೇರಿ ಯುರೇನಿಯಂ ಹುಡುಕಬೇಕು, ಹೆಚ್ಚಾದ ಅದಿರು ಸೋವಿಯತ್ತಿಗೆ ಹೋಗಬೇಕು.

ವೋಲ್ಗಾ ದಂಡೆಯ ದುಬ್ನಾ

ಕೊಡುವವನು, ತೆಗೆದುಕೊಳ್ಳುವವನು ಎಂಬ ಭೇದ ಸ್ವಲ್ಪ ಮಸುಕಾದದ್ದು ದುಬ್ನಾದಲ್ಲಿ. ಮಾಸ್ಕೋದಿಂದ ಸುಮಾರು 120 ಕಿ.ಮೀ. ಉತ್ತರಕ್ಕಿರುವ ಈ ಊರಿನಲ್ಲಿ 1956ರ ಮಾರ್ಚ್‌ನಲ್ಲಿ 11 ದೇಶಗಳು ಸೇರಿ ಜಂಟಿ ಅಣು ಸಂಶೋಧನಾ ಸಂಸ್ಥೆ ಕಟ್ಟಿದವು. ವೆಚ್ಚದಲ್ಲಿ ಚೀನಾದ ಪಾಲು ಶೇ. 20, ಸೋವಿಯತ್ತಿನ ನಂತರ ದೊಡ್ಡದು.

ಅಲ್ಲಿ ಚೀನಾದ ವಿಜ್ಞಾನಿ ವಾಂಗ್ ಗಾನ್‌ಚಾಂಗ್ ಗುಂಪಿನ ದಿನಚರಿ ಬೇಸರ ಹಿಡಿಸುವಂಥದ್ದು. ವೇಗೋತ್ಕರ್ಷಕದಿಂದ ಬಂದ ಕಣಗಳು ಪ್ರೊಪೇನ್ ತುಂಬಿದ ಕೋಣೆ ಹೊಕ್ಕಾಗ ಗುಳ್ಳೆಗಳ ಸಣ್ಣ ಗೆರೆ ಮೂಡುತ್ತದೆ. ಅದರ ಫೋಟೋ ತೆಗೆಯಬೇಕು, ಆಮೇಲೆ ಒಂದೊಂದೇ ಫೋಟೋ ಕಣ್ಣಿಟ್ಟು ನೋಡಬೇಕು. ಹೀಗೆ ಸುಮಾರು 40 ಸಾವಿರ ಚಿತ್ರ ಜಾಲಾಡಿದ ಮೇಲೆ ಹುಡುಕುತ್ತಿದ್ದ ಗೆರೆ ಸಿಕ್ಕಿತು: ಆಂಟಿ-ಸಿಗ್ಮಾ-ಮೈನಸ್ ಎಂಬ ಪ್ರತಿಕಣ. ವಾಂಗ್ 1960ರಲ್ಲಿ ಊರಿಗೆ ಮರಳಿದರು. ಮುಂದೆ ‘ವಾಂಗ್ ಜಿಂಗ್’ ಎಂಬ ಸುಳ್ಳು ಹೆಸರಿನಲ್ಲಿ 17 ವರ್ಷ ಬಾಂಬಿನ ಕೆಲಸದಲ್ಲಿ ಮರೆಯಾದರು.

ಗಂಟು ಮೂಟೆ ಕಟ್ಟಿದ ಬೇಸಿಗೆ

ಬಾಂಬಿನ ತಂತ್ರಜ್ಞಾನ ಕೊಡುತ್ತೇವೆಂದು 1957ರ ಅಕ್ಟೋಬರಿನಲ್ಲಿ ಮಾತು ಕೊಟ್ಟಿದ್ದ ಮಾಸ್ಕೋ, 1959ರ ಜೂನ್‌ನಲ್ಲಿ ಪತ್ರ ಬರೆದು ಹಿಂದೆ ಸರಿಯಿತು. 1960ರ ಜುಲೈ 16ರಂದು ತಜ್ಞರನ್ನೆಲ್ಲ ಕರೆಸಿಕೊಳ್ಳುವುದಾಗಿ ತಿಳಿಸಿತು. ಚೀನಾದ ಲೆಕ್ಕದ ಪ್ರಕಾರ ಹೊರಟುಹೋದವರು 1,390 ಮಂದಿ, ನಿಂತುಹೋದ ವಿಜ್ಞಾನ-ತಂತ್ರಜ್ಞಾನ ಕಾರ್ಯಕ್ರಮಗಳು 257. ಸಿದ್ಧಾಂತದ ಜಗಳ ಹೊರಗಿನ ನೆಪ. ಒಳಗಿದ್ದದ್ದು ಪಕ್ಕದ ಮನೆಯವನು ನಮ್ಮಷ್ಟೇ ಬಲಿತರೆ ಹೇಗೆ ಎಂಬ ಅಳುಕು.

ಅಳುಕು ಫಲ ಕೊಡಲಿಲ್ಲ. ಅದೇ ವರ್ಷದ ನವೆಂಬರ್ 5ರಂದು ಚೀನಾ, ಸೋವಿಯತ್ತಿನ ಆರ್-2 ಕ್ಷಿಪಣಿಯ ತನ್ನದೇ ನಕಲನ್ನು ಹಾರಿಸಿತು. 1964ರ ಅಕ್ಟೋಬರ್ 16ರಂದು ಲೋಪ್‌ನೂರಿನಲ್ಲಿ ಚೀನಾದ ಅಣುಬಾಂಬು ಸಿಡಿಯಿತು. ಅದಕ್ಕಿಟ್ಟ ಗುಪ್ತನಾಮ ‘596’. ಪತ್ರ ಬಂದ ತಿಂಗಳನ್ನು, ಅಂದರೆ ’59ರ ಆರನೇ ತಿಂಗಳನ್ನು, ಅವರು ಮರೆತಿರಲಿಲ್ಲ. ಮುಂದಿನ ಎರಡು ದಶಕದಲ್ಲಿ ಹೇಳಿಕೊಳ್ಳುವಂಥ ಸಹಕಾರವೇನೂ ನಡೆಯಲಿಲ್ಲ. 1969ರಲ್ಲಿ ಉಸುರಿ ನದಿಯ ಗಡಿಯಲ್ಲಿ ಗುಂಡೇ ಹಾರಿತು.

ತಿರುಗಿದ ತಕ್ಕಡಿ

1989ರಲ್ಲಿ ಗೋರ್ಬಚೆವ್ ಬೀಜಿಂಗಿಗೆ ಬಂದ ಮೇಲೆ ಬಾಗಿಲು ತೆರೆಯಿತು. 1992ರಲ್ಲಿ ಹೊಸ ವಿಜ್ಞಾನ ಒಪ್ಪಂದವಾಗುವ ಹೊತ್ತಿಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. ರಷ್ಯಾದ ಪ್ರಯೋಗಾಲಯಗಳಲ್ಲಿ ವಿದ್ಯೆಯಿತ್ತು, ಸಂಬಳಕ್ಕೆ ಹಣವಿರಲಿಲ್ಲ. ಚೀನಾದ ಕೈಯಲ್ಲಿ ಹಣವೂ ಇತ್ತು, ಹಳೆಯ ಗುರುತೂ ಇತ್ತು. ಟಿಯಾನ್‌ವಾನ್‌ನಲ್ಲಿ ರಷ್ಯಾ ವಿನ್ಯಾಸದ ಅಣುವಿದ್ಯುತ್ ಸ್ಥಾವರದ ಕೆಲಸ 1999ರಲ್ಲಿ ಶುರುವಾಯಿತು. ರಷ್ಯಾ ನೆರವಿನ ಪ್ರಾಯೋಗಿಕ ವೇಗದ ರಿಯಾಕ್ಟರು 2010ರಲ್ಲಿ ಬೀಜಿಂಗ್ ಬಳಿ ಚಾಲೂ ಆಯಿತು. 1996ರಲ್ಲಿ ಇಬ್ಬರು ಚೀನೀಯರು ಮಾಸ್ಕೋ ಬಳಿಯ ಗಗಾರಿನ್ ಕೇಂದ್ರಕ್ಕೆ ಗಗನಯಾತ್ರಿ ತರಬೇತಿಗೆ ಹೋದರು. 2003ರಲ್ಲಿ ಚೀನಾದ ಗಗನಯಾತ್ರಿ ಯಾಂಗ್ ಲಿವೇ ಹಾರಿದ ಶೆನ್‌ಝೌ ನೌಕೆಯಲ್ಲಿ ರಷ್ಯಾದ ಸೋಯುಜ್‌ನ ಮುಖಚಹರೆ ಸ್ಪಷ್ಟವಾಗಿತ್ತು.

ಈ ಗುರುವಿನ ಪರಿಚಯ ನಮಗೂ ಇದೆ. ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ 1975ರಲ್ಲಿ ಹಾರಿದ್ದು ಸೋವಿಯತ್ ರಾಕೆಟ್ಟಿನಲ್ಲಿ. ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಕೊಡುವುದಾಗಿ ಹೇಳಿದ್ದ ರಷ್ಯಾ, 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಎಂಜಿನ್ನುಗಳನ್ನಷ್ಟೇ ಕೊಟ್ಟಿತು. ಸ್ವದೇಶಿ ಎಂಜಿನ್ನಿನ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಏರಿದ್ದು 2014ರ ಜನವರಿಯಲ್ಲಿ.

ತಕ್ಕಡಿ ಯಾವಾಗ ವಾಲಿತೆಂದು ಕೇಳಿದರೆ 2011ರ ನವೆಂಬರನ್ನು ತೋರಿಸಬಹುದು. ಮಂಗಳದ ಉಪಗ್ರಹಕ್ಕೆ ಹೊರಟ ರಷ್ಯಾದ ಫೋಬೋಸ್-ಗ್ರುಂಟ್ ನೌಕೆ, ಚೀನಾದ ಮೊದಲ ಮಂಗಳ ಉಪಗ್ರಹ ಯಿಂಗ್‌ಹುವೊ-1 ಅನ್ನು ಬೆನ್ನ ಮೇಲೆ ಹೊತ್ತು ಏರಿತು. ಭೂಮಿಯ ಕಕ್ಷೆ ದಾಟಲಾಗದೆ 2012ರ ಜನವರಿಯಲ್ಲಿ ಎರಡೂ ಕೆಳಗೆ ಬಿದ್ದವು. ಮತ್ತೊಂದು ಸಲ ಚೀನಾ ಸವಾರಿ ಕೇಳಲಿಲ್ಲ. 2021ರಲ್ಲಿ ತನ್ನದೇ ರೋವರನ್ನು ಮಂಗಳದ ಮೇಲೆ ಇಳಿಸಿತು. 2017ರಲ್ಲಿ ಜಂಟಿ ಕಂಪನಿ ಮಾಡಿ ಹೊರಟ ಸಿಆರ್929 ವಿಮಾನದಿಂದ ರಷ್ಯಾ ಹೊರಬಿದ್ದಾಗ, ಹೆಸರಿನಲ್ಲಿ ರಷ್ಯಾಕ್ಕೆಂದಿದ್ದ ‘ಆರ್’ ಅಕ್ಷರವೂ ಉದುರಿ ಅದು ಸಿ929 ಆಯಿತು.

2021ರಲ್ಲಿ ಇಬ್ಬರೂ ಚಂದ್ರನ ಮೇಲೆ ಜಂಟಿ ಸಂಶೋಧನಾ ಕೇಂದ್ರ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದರು. 2023ರ ಆಗಸ್ಟಿನಲ್ಲಿ ರಷ್ಯಾದ ಲುನಾ-25 ಚಂದ್ರನಿಗೆ ಅಪ್ಪಳಿಸಿತು. ಮರುವರ್ಷ ಚೀನಾದ ಚಾಂಗ್‌ಇ-6 ಚಂದ್ರನ ಆಚೆ ಬದಿಯ ಮಣ್ಣು ತಂದಿತು. 2025ರಲ್ಲಿ ಅಲ್ಲಿ ಅಣುವಿದ್ಯುತ್ ಕೇಂದ್ರ ಕಟ್ಟುವ ಮಾತೂ ಆಯಿತು. ಗುರುವಿನ ಕೈಯಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವ ವಿದ್ಯೆ ಅದು.

ಇನ್ನೊಂದು ಕಡೆ, ವಿದ್ಯೆ ಹೊರಗೆ ಹೋದೀತೆಂಬ ಹಳೆಯ ಅಳುಕು ಬೇರೆ ವೇಷದಲ್ಲಿ ಮರಳಿದೆ. ನೊವೊಸಿಬಿರ್ಸ್ಕ್‌ನ ಒಂದೇ ಸಂಸ್ಥೆಯ ಮೂವರು ಹೈಪರ್‌ಸಾನಿಕ್ ವಿಜ್ಞಾನಿಗಳು 2022-23ರಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧಿತರಾದರು. ಒಂದು ಲೇಖನ, ಒಂದು ಭಾಷಣ ಕೂಡ ಅಪರಾಧವಾಗಬಹುದಾದರೆ ನಾವು ಕೆಲಸ ಮಾಡುವುದು ಹೇಗೆ ಎಂದು ಸಹೋದ್ಯೋಗಿಗಳು ಬಹಿರಂಗ ಪತ್ರ ಬರೆದರು. 1960ರಲ್ಲಿ ಮಾಸ್ಕೋ ತಜ್ಞರನ್ನು ರೈಲು ಹತ್ತಿಸಿ ಮನೆಗೆ ಕರೆಸಿಕೊಂಡಿತ್ತು. ಈಗ ಮನೆಯಲ್ಲಿರುವವರನ್ನೇ ಒಳಗೆ ಹಾಕುತ್ತಿದೆ. ಅಷ್ಟರಲ್ಲಿ ಚೀನಾದ ಶೆನ್‌ಝೆನ್ ನಗರದಲ್ಲಿ ಮಾಸ್ಕೋ ವಿಶ್ವವಿದ್ಯಾಲಯವೂ ಬೀಜಿಂಗಿನ ತಾಂತ್ರಿಕ ಸಂಸ್ಥೆಯೂ ಸೇರಿ ಕಟ್ಟಿದ ವಿಶ್ವವಿದ್ಯಾಲಯದಲ್ಲಿ ಚೀನಾದ ಹುಡುಗ ಹುಡುಗಿಯರು ರಷ್ಯನ್ ಕಲಿಯುತ್ತಿದ್ದಾರೆ, ರಷ್ಯಾದ ಅಧ್ಯಾಪಕರು ಲೆಕ್ಕ ಹೇಳಿಕೊಡುತ್ತಿದ್ದಾರೆ.