ಮೊಳೆ ಜೋಡಿಸಿದವರು

ಪ್ರತಿ ವರ್ಷ ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ನಮ್ಮ ಪತ್ರಕರ್ತರ ಸಂಘದ ವೇದಿಕೆಯ ಮೇಲೆ ಹರ್ಮನ್ ಮೋಗ್ಲಿಂಗರ ಭಾವಚಿತ್ರ ಇರುತ್ತದೆ. 1843ರಲ್ಲಿ ಇದೇ ದಿನ ಅವರು ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕನ್ನಡ ಪತ್ರಿಕೋದ್ಯಮ ಅಲ್ಲಿಂದ ಶುರುವಾಯಿತು ಎಂದು ಯಾರಾದರೊಬ್ಬರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ಭಾಷಣವನ್ನು ನಾನೂ ಮಾಡಿದ್ದೇನೆ. ಭಾಷಣದಲ್ಲಿ ಬಾರದ ಸಂಗತಿಯೊಂದಿದೆ. ಆ ಪತ್ರಿಕೆ ಕಲ್ಲಚ್ಚಿನದು. ಜಿಡ್ಡಿನ ಮಸಿಯಲ್ಲಿ ಕೈಯಾರೆ ಬರೆದ ಅಕ್ಷರವನ್ನು ಕಲ್ಲಿನ ಮೇಲೆ ಇಳಿಸಿ, ಕಲ್ಲಿಗೆ ನೀರು ಸವರಿ ಉರುಳೆ ಆಡಿಸಿದರೆ ಮಸಿ ಅಕ್ಷರಕ್ಕೆ ಮಾತ್ರ ಹತ್ತಿಕೊಂಡು ಕಾಗದಕ್ಕೆ ಬರುತ್ತಿತ್ತು. ಮೋಗ್ಲಿಂಗರ ಹೆಸರು ನಮಗೆಲ್ಲ ಬಾಯಿಪಾಠ. ಆ ಅಕ್ಷರ ಬರೆದ ಕೈ ಯಾರದೆಂದು ನಮ್ಮ ವೇದಿಕೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ.

ಬಂಗಾಳದವರು ಈ ವಿಷಯದಲ್ಲಿ ನಮಗಿಂತ ವಾಸಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಕಲ್ಕತ್ತದ ಹತ್ತಿರದ ಶ್ರೀರಾಮಪುರದ ಅಚ್ಚುಕೂಟದಲ್ಲಿ. ಆ ಅಚ್ಚುಕೂಟದ ಚರಿತ್ರೆ ಬರೆಯುವವರು ಅಕ್ಷರದ ಅಚ್ಚು ಕೊರೆದ ಪಂಚಾನನ ಕರ್ಮಕಾರನನ್ನೂ ಅವನ ಅಳಿಯ ಮನೋಹರನನ್ನೂ ಬಿಡುವುದಿಲ್ಲ. ಕಮ್ಮಾರರ ಮನೆಯ ಆ ಇಬ್ಬರ ಹೆಸರು ಕೇರಿಯ ಹೆಸರಿನ ಪಕ್ಕದಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ಕೋಶದ ಮಾತು ಬಂದರೆ ಕಿಟ್ಟೆಲ್ ಒಬ್ಬರೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂದ ಆ ಗ್ರಂಥಕ್ಕೆ 1,700ಕ್ಕೂ ಹೆಚ್ಚು ಪುಟಗಳಿವೆ. ಪ್ರತಿ ಸಾಲಿನಲ್ಲೂ ಕನ್ನಡದ ಅಚ್ಚಿನ ಮೊಳೆ, ರೋಮನ್ ಮೊಳೆ, ತಲೆಯ ಮೇಲೂ ಕಾಲ ಕೆಳಗೂ ಚುಕ್ಕಿ ಗೆರೆ ಹೊತ್ತ ಮೊಳೆ. ಅವನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದವರು ಊರಿನವರೇ. ಕೋಶದ ಯಾವುದಾದರೊಂದು ಪುಟವನ್ನು ಬಿಡಿಸಿ, ಅರ್ಥವನ್ನು ಬಿಟ್ಟು ಬರಿಯ ಜೋಡಣೆಯನ್ನು ನೋಡಿ. ಆ ಕೆಲಸಗಾರನ ಕನ್ನಡ ಎಷ್ಟು ಗಟ್ಟಿಯಿತ್ತೆಂದು ಗೊತ್ತಾಗುತ್ತದೆ.

ನಮ್ಮ ಸಂಘದ ಈ ಸಂಚಿಕೆಯ ಸಂಪಾದಕ ಮಂಡಳಿ ನನ್ನಿಂದ ಕೇಳಿದ್ದು ನಾಲ್ಕು ದಶಕಗಳ ಬರವಣಿಗೆಯ ಅನುಭವ. ಯಾವ ಮುಖ್ಯಮಂತ್ರಿಯ ಪತ್ರಿಕಾಗೋಷ್ಠಿಯಲ್ಲಿ ಯಾವ ಪ್ರಶ್ನೆ ಕೇಳಿದೆ ಎಂಬುದನ್ನು ಬರೆಯುವವರು ಈ ಸಂಚಿಕೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೆದದ್ದು ಓದುಗನಿಗೆ ತಲುಪುವ ಮುಂಚೆ ಯಾರ ಕೈ ದಾಟುತ್ತಿತ್ತು, ಆ ಕೈಗಳು ಹೋದ ಮೇಲೆ ನಮ್ಮ ಬರವಣಿಗೆ ಏನಾಯಿತು ಎಂಬುದನ್ನಷ್ಟೇ ನಾನು ಬರೆಯುತ್ತೇನೆ.

ತುರ್ತು ಪರಿಸ್ಥಿತಿ ಮುಗಿದ ಹೊಸದರಲ್ಲಿ ನಾನು ಜಿಲ್ಲಾ ಕೇಂದ್ರವೊಂದರ ದಿನಪತ್ರಿಕೆಗೆ ಉಪಸಂಪಾದಕನಾಗಿ ಸೇರಿದೆ. ಮೇಲಿನ ಅಟ್ಟದಲ್ಲಿ ನಾವು, ಕೆಳಗೆ ಕಂಪೋಸಿಂಗ್ ವಿಭಾಗ, ಅದರ ಹಿಂದೆ ಯಂತ್ರ. ಮೊಳೆಗಳನ್ನು ಮನೆ ಮನೆಯಾಗಿ ವಿಂಗಡಿಸಿಡುವ ಮರದ ತಟ್ಟೆಯೇ ಕೇಸು. ಕನ್ನಡದ ಕೇಸು ಇಂಗ್ಲಿಷಿನದರ ಹಾಗಲ್ಲ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ವಿರಾಮ ಚಿಹ್ನೆ ಸೇರಿ ಎರಡು ಕೇಸು ಸಾಕು. ನಮ್ಮದರಲ್ಲಿ 34 ವ್ಯಂಜನ, ಅವಕ್ಕೆ ತಲಕಟ್ಟು, ಗುಡಿಸು, ಕೊಂಬು, ಏತ್ವ, ಐತ್ವ, ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು. ಎಲ್ಲ ಗುಣಿತಾಕ್ಷರಕ್ಕೂ ಒಂದೊಂದು ಮೊಳೆ ಎರಕ ಹೊಯ್ದರೆ ನಾನೂರು ದಾಟುತ್ತದೆ. ಹಾಗಾಗಿ ಕೆಲವು ಇಡಿಯಾಗಿ ಇರುತ್ತಿದ್ದವು, ಕೆಲವನ್ನು ತುಂಡು ತುಂಡಾಗಿ ಸೇರಿಸಬೇಕಿತ್ತು. ದ, ತ, ನ, ರ, ಲ್ಲಿ ಕೈಗೆ ಸಿಗುವ ನಡುಮನೆಗಳಲ್ಲಿ. ಝ, ಞ ಮೂಲೆಯ ಮನೆಗಳಲ್ಲಿ ದೂಳು ಹಿಡಿದುಕೊಂಡು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಕೇಸಿನ ಮೇಲೆ, ಕಣ್ಣು ನಮ್ಮ ಹಸ್ತಪ್ರತಿಯ ಮೇಲೆ. ಕೇಸಿನ ಕಡೆ ನೋಡಿದವನು ಇನ್ನೂ ಕಲಿಯುವ ಹುಡುಗ ಎಂದರ್ಥ. ಸ್ಟಿಕ್ಕು ತುಂಬಿದರೆ ಗ್ಯಾಲಿ ಎಂಬ ಉದ್ದ ತಟ್ಟೆಗೆ, ಗ್ಯಾಲಿಯಿಂದ ಪ್ರೂಫಿಗೆ, ತಿದ್ದಿದ ಮೇಲೆ ಪುಟ ಕಟ್ಟುವ ಫಾರಮ್ಮಿಗೆ. ಅಷ್ಟೂ ಉಲ್ಟಾ ಓದುವ ವ್ಯವಹಾರ. ಬೆಳಿಗ್ಗೆ ಪತ್ರಿಕೆ ಹಂಚಿಹೋದ ಮೇಲೆ ಅದೇ ಮೊಳೆಗಳನ್ನು ತೊಳೆದು ಒಂದೊಂದನ್ನೂ ಅದರದರ ಮನೆಗೆ ಬಿಚ್ಚಿ ಹಾಕಬೇಕು. ನಾವು ಬರೆದ ಒಂದೊಂದು ಅಕ್ಷರವನ್ನೂ ಒಬ್ಬ ಮನುಷ್ಯ ಎರಡು ಸಲ ಮುಟ್ಟುತ್ತಿದ್ದ.

ಸೀಸ, ತವರ, ಆಂಟಿಮನಿ ಬೆರೆಸಿದ ಆ ಲೋಹದ ಕಪ್ಪು ಕಂಪೋಸಿಟರುಗಳ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಸೀಸದ ವಿಷಕ್ಕೆ ಬೆಲ್ಲ ಒಳ್ಳೆಯದೆಂದು ಒಬ್ಬರು, ಬಾಳೆಹಣ್ಣು ಒಳ್ಳೆಯದೆಂದು ಇನ್ನೊಬ್ಬರು ನಂಬಿದ್ದರು. ಕೈತೊಳೆಯುವ ಸಾಬೂನಿಗೆ ಅವರು ವರ್ಷಗಟ್ಟಲೆ ಅರ್ಜಿ ಹಾಕಬೇಕಾದ ಸಂಸ್ಥೆಗಳೂ ಇದ್ದವು. ಹೆಸರು ಬೇಡ.

ಅವರಲ್ಲಿ ಹೆಚ್ಚಿನವರು ಪ್ರಾಥಮಿಕ ಶಾಲೆ ಮುಗಿಸಿದವರು ಅಥವಾ ನಡುವೆ ಬಿಟ್ಟವರು. ಆದರೆ ಇಪ್ಪತ್ತು ವರ್ಷ ದಿನಕ್ಕೆ ಎಂಟು ತಾಸು ಬೇರೆಯವರ ಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸಿದವನಿಗೆ ಭಾಷೆ ಬೇರೆ ರೀತಿಯಲ್ಲೇ ಹಿಡಿತಕ್ಕೆ ಸಿಗುತ್ತದೆ. ಎಂ.ಎ. ಮಾಡಿದ ನಾವು ಅಲ್ಪಪ್ರಾಣ ಬರೆದ ಕಡೆ ಅವರು ತಾವಾಗಿ ಮಹಾಪ್ರಾಣ ಜೋಡಿಸುತ್ತಿದ್ದರು. ಕೈಬರಹ ನೋಡಿ ಯಾವ ವರದಿಗಾರ ನಿದ್ದೆಗಣ್ಣಿನಲ್ಲಿ ಬರೆದಿದ್ದಾನೆ, ಯಾರು ಬೇರೆಯವರದನ್ನು ನಕಲು ಮಾಡಿದ್ದಾನೆ ಎಂದು ಹೇಳುತ್ತಿದ್ದರು. ನಮ್ಮ ಮುಖ್ಯ ಕಂಪೋಸಿಟರ್ ಒಮ್ಮೆ ಸಂಪಾದಕೀಯದ ಹಸ್ತಪ್ರತಿ ಹಿಡಿದು ಮೆಟ್ಟಿಲು ಹತ್ತಿ ಬಂದು, ‘ಸಾರ್, ಇದರಲ್ಲಿ ಆದ್ದರಿಂದ ಅನ್ನೋದೇ ಆರು ಕಡೆ ಇದೆ, ದ್ದ ಮುಗೀತು’ ಎಂದರು. ಸಂಪಾದಕರು ಮರುಮಾತಿಲ್ಲದೆ ನಾಲ್ಕು ಕಡೆ ಹೊಡೆದುಹಾಕಿದರು. ಬರಹ ಅದರಿಂದ ಸುಧಾರಿಸಿತು ಎಂಬುದು ಆಗಲೇ ಎಲ್ಲರಿಗೂ ಕಂಡಿತ್ತು.

ದೊಡ್ಡ ಅಳತೆಯ ಮೊಳೆಗಳು ಇನ್ನೂ ಕಡಿಮೆ. ಮುಖಪುಟದ ತಲೆಬರಹಕ್ಕೆ ಯಾವ ಒತ್ತು ಎಷ್ಟಿದೆ ಎಂದು ಕೆಳಗೆ ಕೂಗಿ ಕೇಳಿಕೊಂಡು ಶೀರ್ಷಿಕೆ ಬರೆಯುತ್ತಿದ್ದೆವು. ಇಬ್ಬರು ಮಂತ್ರಿಗಳ ಹೆಸರಿನಲ್ಲಿ ‘ಷ್ಣ’ ಬಂದರೆ ಒಬ್ಬರು ‘ಸಚಿವ’ರಾಗಿಯೇ ಉಳಿಯಬೇಕಾಗುತ್ತಿತ್ತು. ಆ ಕಾಲದ ಪತ್ರಿಕೆಯ ಭಾಷಾಶೈಲಿ ಎಂದು ಪ್ರಬಂಧ ಬರೆಯುವವರು ಕೇಸಿನಲ್ಲಿ ಎಷ್ಟು ಮೊಳೆ ಇತ್ತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೇಖಕರಲ್ಲಿ ಈ ಕೆಲಸದ ಕಷ್ಟ ಬಲ್ಲವರು ಕೆಲವರಿದ್ದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು. ತಾವು ಪ್ರಕಟಿಸಿದ್ದನ್ನು ಗಳಗನಾಥರು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಹಾಗೆ ತಮ್ಮ ಪುಸ್ತಕದ ಭಾರವನ್ನು ಹೊತ್ತವರು ಪದವನ್ನು ದುಂದು ಮಾಡುವುದು ಕಡಿಮೆ.

ಇಷ್ಟಾದರೂ ನಮ್ಮ ಸಂಘದ ಸದಸ್ಯತ್ವ ಕಂಪೋಸಿಟರುಗಳಿಗೆ ಇರಲಿಲ್ಲ. ಇದಕ್ಕೆ ಕಾನೂನಿನ ಆಧಾರವೂ ಇತ್ತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಯಾರು ಪತ್ರಕರ್ತ ಎಂದು ಪಟ್ಟಿ ಕೊಟ್ಟಿತ್ತು. ಸಂಪಾದಕ, ಉಪಸಂಪಾದಕ, ವರದಿಗಾರ, ವ್ಯಂಗ್ಯಚಿತ್ರಕಾರ, ಛಾಯಾಗ್ರಾಹಕ ಎಲ್ಲ ಅದರಲ್ಲಿದ್ದರು. ಕರಡು ತಿದ್ದುವವರೂ ಇದ್ದರು. ಕಂಪೋಸಿಟರ್ ಇರಲಿಲ್ಲ. ಅವರು ‘ಪತ್ರಕರ್ತರಲ್ಲದ ನೌಕರರು’. ಒಂದೇ ಅಕ್ಷರವನ್ನು ಕಾಗದದ ಮೇಲೆ ತಿದ್ದಿದವನು ಪತ್ರಕರ್ತ, ಲೋಹದಲ್ಲಿ ತಿದ್ದಿದವನು ಅಲ್ಲ. ಪಾಲೇಕರ್, ಬಚಾವತ್, ಮಣಿಸಾನ ಎಂದು ಒಂದರ ಹಿಂದೊಂದು ವೇತನ ಶಿಫಾರಸುಗಳು ಬಂದವು. ನಮಗೂ ಅವರಿಗೂ ಶ್ರೇಣಿ ಬೇರೆ ಬೇರೆಯೇ. ಕಾಯ್ದೆಯಲ್ಲಿ ಏನೇ ಇರಲಿ, ಸಂಘದ ನಿಯಮಾವಳಿ ನಮ್ಮ ಕೈಯಲ್ಲಿತ್ತು. ಗೌರವ ಸದಸ್ಯರೆಂದಾದರೂ ಅವರನ್ನು ಸೇರಿಸಿಕೊಳ್ಳಬಹುದಿತ್ತು. ಆ ಮಾತು ಮಹಾಸಭೆಯಲ್ಲಿ ಬಂದ ವರ್ಷಗಳಲ್ಲೂ ಊಟದ ಹೊತ್ತಾಯಿತೆಂದು ಮುಂದಕ್ಕೆ ಹೋಯಿತು.

ಎಂಬತ್ತರ ದಶಕದಿಂದ ಒಂದೊಂದೇ ಪತ್ರಿಕೆ ಸೀಸವನ್ನು ಬಿಟ್ಟಿತು. ಮೊದಲು ಫೋಟೊ ಟೈಪ್‌ಸೆಟ್ಟಿಂಗ್ ಬಂತು. ಬ್ರೋಮೈಡ್ ಕಾಗದದ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಅಂಟಿಸುವ ಕಾಲ. ಆಮೇಲೆ ಗಣಕದಲ್ಲೇ ಪುಟ ಕಟ್ಟುವ ಡಿಟಿಪಿ. ಕಂಪೋಸಿಂಗ್ ವಿಭಾಗದ ಮರದ ಕೇಸುಗಳು ಸೌದೆಯ ದರಕ್ಕೆ, ಮೊಳೆಗಳು ಸೀಸದ ದರಕ್ಕೆ ತೂಕದ ಮೇಲೆ ಹೋದವು. ಕಿರಿಯರು ಕೀಲಿಮಣೆ ಕಲಿತು ಪುಟವಿನ್ಯಾಸಕ್ಕೆ ಬಂದರು, ಅವರ ಕಣ್ಣಿಗೆ ಪುಟದ ಅಂದ ಮೊದಲೇ ಗೊತ್ತಿತ್ತು. ನಡುವಯಸ್ಸಿನವರು ಕೈಗೆ ಬಂದಷ್ಟು ಪರಿಹಾರ ತೆಗೆದುಕೊಂಡು ಸಂತೆಪೇಟೆಯಲ್ಲೊಂದು ಟ್ರೆಡಲ್ ಯಂತ್ರ ಹಾಕಿ ಮದುವೆ ಕರೆಯೋಲೆ, ಬಿಲ್ ಪುಸ್ತಕ ಅಚ್ಚು ಹಾಕುತ್ತಿದ್ದರು. ಹತ್ತು ವರ್ಷದಲ್ಲಿ ಆಫ್‌ಸೆಟ್ ಅದನ್ನೂ ನುಂಗಿತು. ಒಂದು ಒಳ್ಳೆಯದೂ ಆಯಿತು. ರಾತ್ರಿಪಾಳಿಯ ಗಂಡಸರ ಕೋಣೆಯಾಗಿದ್ದ ಅಕ್ಷರ ಜೋಡಣೆಯ ಕೆಲಸಕ್ಕೆ ಹೆಣ್ಣುಮಕ್ಕಳು ಬಂದರು. ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟೋ ಡಿಟಿಪಿ ಅಂಗಡಿ ನಡೆಸಿದವರು ಅವರೇ, ಕನ್ನಡದ ಎಷ್ಟೋ ಕವನ ಸಂಕಲನಗಳ ಮೊದಲ ಓದುಗರೂ ಅವರೇ. ಆ ಸಂಕಲನಗಳ ಅರಿಕೆಯ ಪುಟದಲ್ಲಿ ಮಾತ್ರ ಅವರ ಹೆಸರು ಅಪರೂಪ.

ಕಂಪೋಸಿಟರ್ ತಲೆಯಲ್ಲಿದ್ದ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿದವರಲ್ಲಿ ಮುಖ್ಯರು ಕೆ.ಪಿ. ರಾವ್, ಮಂಗಳೂರು ಕಡೆಯ ಕಿನ್ನಿಕಂಬಳದವರು. ಲಿಪಿತಜ್ಞ ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿ ಚಿಹ್ನೆಗಳ ಸೂಚಿ 1977ರಲ್ಲಿ ಹೊರಬಂದಾಗ ಅದರ ಗಣಕದ ಕೆಲಸದಲ್ಲಿ ರಾಯರ ಪಾಲಿತ್ತು. ಅಚ್ಚಿನ ಉದ್ಯಮದೊಳಗೇ ಕೆಲಸ ಮಾಡಿದ್ದವರಾದ್ದರಿಂದ ಕನ್ನಡ ಅಕ್ಷರ ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಎಂದು ಅವರಿಗೆ ತಿಳಿದಿತ್ತು. ಅವರು ಮಾಡಿದ ಬದಲಾವಣೆ ಹೇಳಲು ಸರಳ. ಟೈಪ್‌ರೈಟರಿನಲ್ಲೂ ಕೇಸಿನಲ್ಲೂ ಆಕಾರದ ತುಂಡುಗಳನ್ನು ಹೆಕ್ಕಬೇಕಿತ್ತು. ರಾಯರ ವಿನ್ಯಾಸದಲ್ಲಿ ನೀವು ಧ್ವನಿಯನ್ನು ಒತ್ತುತ್ತೀರಿ, ಆಕಾರವನ್ನು ಗಣಕ ಕಟ್ಟಿಕೊಡುತ್ತದೆ. ವ್ಯಂಜನ, ಆಮೇಲೆ ಎಫ್ ಕೀಲಿ, ಮತ್ತೆ ವ್ಯಂಜನ – ಒತ್ತಕ್ಷರ ಸಿದ್ಧ. ಈಗಲೂ ನಮ್ಮ ಕಚೇರಿಗಳಲ್ಲಿ ಬೆರಳುಗಳು ಆ ಎಫ್ ಮೇಲೆಯೇ ಓಡಾಡುತ್ತವೆ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟು ಪುಕ್ಕಟೆಯಾಗಿ ಹಂಚಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ, ಸರ್ಕಾರ ಒಪ್ಪಿದ ಕೀಲಿಮಣೆಯೂ ಅದೇ ವಿನ್ಯಾಸದ ಮೇಲೆ ನಿಂತವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದ ಮೇಲೆ ಮನೆಯಲ್ಲಿ ಗಣಕ ಇದ್ದ ಲೇಖಕರೆಲ್ಲ ತಮ್ಮ ಲೇಖನ ತಾವೇ ಕಂಪೋಸ್ ಮಾಡತೊಡಗಿದರು.

ಅಕ್ಷರದ ಗೊಂದಲ ಮಾತ್ರ ತೀರಲಿಲ್ಲ. ‘ಶ್ರೀಲಿಪಿ’ ತಂತ್ರಾಂಶದಲ್ಲಿ ಬರೆದದ್ದನ್ನು ‘ಆಕೃತಿ’ ತಂತ್ರಾಂಶದಲ್ಲಿ ತೆರೆದರೆ ಮುದ್ರಾರಾಕ್ಷಸನ ಇಡೀ ಪರಿವಾರ ಬಂದು ಕೂತ ಹಾಗೆ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ ತೊಂಬತ್ತರ ದಶಕದ ಆರಂಭದಲ್ಲೇ ಜಾಗ ಸಿಕ್ಕಿದ್ದರೂ ಪುಟ ಕಟ್ಟುವ ತಂತ್ರಾಂಶಗಳು ಅದನ್ನು ಅರಗಿಸಿಕೊಳ್ಳಲು ಬಹಳ ವರ್ಷ ಹಿಡಿಯಿತು. ಇದರ ಫಲ ವಿಚಿತ್ರವಾಗಿದೆ. 1843ರ ಕಲ್ಲಚ್ಚಿನ ಹಾಳೆಯನ್ನು ಇವತ್ತು ಕನ್ನಡ ಬಲ್ಲ ಯಾರು ಬೇಕಾದರೂ ಓದಬಹುದು. 1995ರ ಸುಮಾರಿನ ನನ್ನ ಅಂಕಣಗಳ ಫ್ಲಾಪಿ ಡಿಸ್ಕುಗಳನ್ನು ಓದುವ ಯಂತ್ರವೂ ಇಲ್ಲ, ಯಂತ್ರ ಸಿಕ್ಕರೆ ಅದರ ಫಾಂಟೂ ಇಲ್ಲ. ಹೆಚ್ಚಿನ ನಷ್ಟವೇನಿಲ್ಲ ಎನ್ನುವ ಗೆಳೆಯರಿದ್ದಾರೆ.

ಈಗ ನಾನು ಬರೆಯುವವನೂ ಹೌದು, ಮೊಳೆ ಜೋಡಿಸುವವನೂ ಹೌದು, ಕರಡು ತಿದ್ದುವವನೂ ಹೌದು. ಕಳುಹಿಸಿದ ಲೇಖನ ಎಷ್ಟೋ ಸಲ ಕಳುಹಿಸಿದ ಹಾಗೇ ಅಚ್ಚಾಗುತ್ತದೆ. ಹೊಸ ತಲೆಮಾರಿನ ಗೆಳೆಯರು ಇದನ್ನು ಸ್ವಾತಂತ್ರ್ಯ ಎನ್ನುತ್ತಾರೆ, ಅದು ಸುಳ್ಳಲ್ಲ. ಹಳ್ಳಿಯಲ್ಲಿ ಕೂತ ಹುಡುಗಿ ಯಾವ ಪ್ರೆಸ್ಸಿನ ಬಾಗಿಲನ್ನೂ ಕಾಯದೆ ತನ್ನ ಕಥೆಯನ್ನು ನೂರಾರು ಜನಕ್ಕೆ ಓದಿಸಬಹುದು. ಸೀಸದ ಕಾಲ ಒಳ್ಳೆಯದಿತ್ತು ಎಂದು ಅವಳ ಮುಂದೆ ಹಲುಬುವುದು ಅನ್ಯಾಯ. ಆದರೂ ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತೇನೆ. ಇನ್ನೊಬ್ಬರ ಬೆರಳಿಗೆ ನೋವು ಕೊಡದೆ ಬರೆಯುವ ಅನುಕೂಲ ಬಂದ ಮೇಲೆ ನಮ್ಮ ಗದ್ಯ ಉದ್ದವಾಯಿತು, ಸಡಿಲವಾಯಿತು. ನನ್ನ ಎಂಬತ್ತರ ದಶಕದ ಬರಹಗಳನ್ನು ಈಚಿನವುಗಳ ಪಕ್ಕದಲ್ಲಿಟ್ಟು ಓದಿದಾಗ ಹಳೆಯವೇ ಬಿಗಿಯಾಗಿ ಕಂಡವು. ಆಗ ನನಗೆ ತಿಳಿವಳಿಕೆ ಹೆಚ್ಚಿತ್ತು ಎಂದೇನಲ್ಲ. ಕೆಳಗೆ ಓದುವವನೊಬ್ಬ ನಿಂತಿದ್ದ, ‘ದ್ದ ಮುಗೀತು’ ಎನ್ನಲು ಅವನಿಗೆ ಹಕ್ಕಿತ್ತು.

ಆ ಕಂಪೋಸಿಟರುಗಳಲ್ಲಿ ಈಗ ಉಳಿದವರು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಹುಬ್ಬಳ್ಳಿ, ಧಾರವಾಡ, ಮೈಸೂರು, ಮಂಗಳೂರು, ದಾವಣಗೆರೆಯಂಥ ಅಚ್ಚಿನ ಊರುಗಳ ಹಳೆಯ ಬೀದಿಗಳಲ್ಲಿ ವಿಚಾರಿಸಿದರೆ ಒಬ್ಬಿಬ್ಬರಾದರೂ ಸಿಗುತ್ತಾರೆ. ನನ್ನ ಕೋರಿಕೆ ಎರಡು. ಒಂದು, ಸಂಘದಲ್ಲಿ: ಮುಂದಿನ ಪತ್ರಿಕಾ ದಿನಾಚರಣೆಯಲ್ಲಿ ಸನ್ಮಾನದ ಒಂದು ಶಾಲು ನಿವೃತ್ತ ಕಂಪೋಸಿಟರ್ ಒಬ್ಬರಿಗೆ ಮೀಸಲಾಗಲಿ, ಅವರಿಗೆ ಮಾತಾಡಲು ಮಂತ್ರಿಗಳಿಗಿಂತ ಮೊದಲೇ ಸಮಯ ಸಿಗಲಿ. ಇನ್ನೊಂದು, ಓದುಗರಾದ ನಿಮ್ಮೆಲ್ಲರಲ್ಲಿ: ನಿಮಗೆ ಗೊತ್ತಿರುವ ಕಂಪೋಸಿಟರ್ ಹೆಸರು, ಊರು, ಕೆಲಸ ಮಾಡಿದ ಪ್ರೆಸ್ಸು, ವರ್ಷ, ಇಷ್ಟನ್ನು ಅವರ ಅಥವಾ ಮನೆಯವರ ಒಪ್ಪಿಗೆ ಪಡೆದು ಪೋಸ್ಟ್‌ಕಾರ್ಡಿನಷ್ಟು ಬರೆದು ಸಂಘದ ಕಾರ್ಯಾಲಯಕ್ಕೆ ತಲುಪಿಸಿ. ಮನೆಯಲ್ಲಿ ಹಳೆಯ ಸ್ಟಿಕ್ಕು, ಕೇಸು, ಒಂದು ಹಿಡಿ ಮೊಳೆ ಉಳಿದಿದ್ದರೆ ಗುಜರಿಗೆ ಹಾಕುವ ಮುಂಚೆ ನಮಗೊಂದು ಮಾತು ತಿಳಿಸಿ, ಬಂದು ತೆಗೆದುಕೊಂಡು ಹೋಗುತ್ತೇವೆ.