ಡೀಸೆಲ್ ಗಾಡಿಗೆ ಗ್ಯಾಸ್ ಹಾಕಿಸ್ತೀರಾ? ಎಕ್ಸಾಸ್ಟ್ ಬಿಸಿ ಹೇಳುವ ಸೆನ್ಸರ್ ಮರೀಬೇಡಿ

ಡೀಸೆಲ್ ಖರ್ಚು ತಡೆಯಲಾಗದೆ ಲಾರಿ, ಬಸ್, ಪಿಕಪ್ ಇಟ್ಟುಕೊಂಡವರು ಸಿಎನ್‌ಜಿ ಕಡೆ ನೋಡುತ್ತಿದ್ದಾರೆ. ಕಿಟ್ ಹಾಕಿಸುವಾಗ ಸಾಮಾನ್ಯವಾಗಿ ಕೇಳೋದು ಎರಡೇ ಪ್ರಶ್ನೆ: ಖರ್ಚೆಷ್ಟು, ಮೈಲೇಜ್ ಎಷ್ಟು? ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಎಂಜಿನ್ ಒಳಗೆ ಬಿಸಿ ಮಿತಿ ಮೀರಿದರೆ ನಮಗೆ ಗೊತ್ತಾಗೋದು ಹೇಗೆ? ಅದನ್ನು ಹೇಳುವುದು ಎಕ್ಸಾಸ್ಟ್ ಗ್ಯಾಸ್ ಟೆಂಪರೇಚರ್ ಸೆನ್ಸರ್, ಚಿಕ್ಕದಾಗಿ ಇಜಿಟಿ ಸೆನ್ಸರ್. ಈ ಬಗ್ಗೆ ಗಾಡಿ ಮಾಲೀಕರು, ಚಾಲಕರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಇಜಿಟಿ ಸೆನ್ಸರ್ ಎಂದರೇನು?

ಎಂಜಿನ್‌ನಿಂದ ಹೊರಬರುವ ಹೊಗೆಯ ಬಿಸಿ ಅಳೆಯುವ ಸಣ್ಣ ಕಡ್ಡಿಯಂಥ ಸಾಧನ ಇದು. ಹೊರಗಿನಿಂದ ಕೂರಿಸುವ ಮೀಟರ್‌ಗಳಲ್ಲಿ ಹೆಚ್ಚಾಗಿ ಕೆ-ಟೈಪ್ ಥರ್ಮೋಕಪಲ್ ಇರುತ್ತದೆ. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಬಿಸಿ ಮಾಡಿದರೆ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಆ ಲೆಕ್ಕದಲ್ಲೇ ಮೀಟರ್ ಬಿಸಿ ತೋರಿಸುತ್ತದೆ. ಕಂಪನಿಯಿಂದಲೇ ಸೆನ್ಸರ್ ಜೊತೆ ಬರುವ ಹಲವು ಗಾಡಿಗಳಲ್ಲಿ ಪ್ಲಾಟಿನಂ ಸೆನ್ಸರ್ ಬಳಸುತ್ತಾರೆ.

ಡ್ಯಾಶ್‌ಬೋರ್ಡ್ ಟೆಂಪರೇಚರ್ ಮೀಟರ್ ಸಾಲದೇ?

ಸಾಲದು. ಅದು ತೋರಿಸೋದು ರೇಡಿಯೇಟರ್ ನೀರಿನ ಬಿಸಿ. ನೀರು ನಿಧಾನಕ್ಕೆ ಬಿಸಿಯಾಗುತ್ತದೆ. ಎಕ್ಸಾಸ್ಟ್ ಬಿಸಿ ಮಾತ್ರ ಆಕ್ಸಿಲರೇಟರ್ ಒತ್ತಿದ ಕೆಲವೇ ಸೆಕೆಂಡ್‌ನಲ್ಲಿ ನೂರಾರು ಡಿಗ್ರಿ ಜಿಗಿಯಬಲ್ಲದು. ನೀರಿನ ಮುಳ್ಳು ನಡುವೆಯೇ ನಿಂತಿರುವಾಗಲೂ ವಾಲ್ವ್ ಸುಡುತ್ತಿರಬಹುದು.

ಗ್ಯಾಸ್‌ಗೆ ಬದಲಿಸಿದರೆ ಬಿಸಿ ಏಕೆ ಏರುತ್ತದೆ?

ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಆ ಹೆಚ್ಚುವರಿ ಗಾಳಿ ಬಿಸಿಯನ್ನು ಹಂಚಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ಲೋಡ್‌ನಲ್ಲೂ ಎಕ್ಸಾಸ್ಟ್ ಬಿಸಿ ಸಾಮಾನ್ಯವಾಗಿ 550ರಿಂದ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದರ ವಾಲ್ವ್, ಟರ್ಬೊ ಎಲ್ಲ ತಯಾರಾಗಿರೋದು ಆ ಲೆಕ್ಕಕ್ಕೆ.

ಬದಲಾವಣೆ ಎರಡು ಥರ ಆಗುತ್ತದೆ.

1. ಪೂರ್ತಿ ಗ್ಯಾಸ್: ಡೀಸೆಲ್ ಇಂಜೆಕ್ಟರ್ ತೆಗೆದು ಸ್ಪಾರ್ಕ್ ಪ್ಲಗ್ ಹಾಕುತ್ತಾರೆ, ಕಂಪ್ರೆಷನ್ ಇಳಿಸುತ್ತಾರೆ. ಕಂಪ್ರೆಷನ್ ಇಳಿದಾಗ ಸುಟ್ಟ ಅನಿಲ ಹಿಗ್ಗಿ ತಣ್ಣಗಾಗುವುದೂ ಕಡಿಮೆಯಾಗುತ್ತದೆ. ಮೀಥೇನ್ ಪೂರ್ತಿ ಉರಿಯಲು 1 ಕೆ.ಜಿ.ಗೆ ಸುಮಾರು 17 ಕೆ.ಜಿ. ಗಾಳಿ ಬೇಕು. ಸರಿಯಾಗಿ ಅಷ್ಟೇ ಗಾಳಿಯಲ್ಲಿ ಓಡಿಸುವ ಎಂಜಿನ್‌ನಲ್ಲಿ ಎಕ್ಸಾಸ್ಟ್ 750ರಿಂದ 850 ಡಿಗ್ರಿಗೂ ಹೋಗಬಹುದು. ಸ್ಪಾರ್ಕ್ ಟೈಮಿಂಗ್ ತಡವಾಗಿದ್ದರಂತೂ ವಾಲ್ವ್ ತೆರೆಯುವಾಗಲೂ ಗ್ಯಾಸ್ ಉರಿಯುತ್ತಲೇ ಇರುತ್ತದೆ.

2. ಡ್ಯುಯಲ್ ಫ್ಯುಯೆಲ್: ಸ್ವಲ್ಪ ಡೀಸೆಲ್, ಉಳಿದದ್ದು ಗ್ಯಾಸ್. ಇಲ್ಲಿ ಡೀಸೆಲ್ ಕಡಿಮೆ ಮಾಡದೆ ಅದರ ಮೇಲೆ ಗ್ಯಾಸ್ ಸುರಿದರೆ ಪಿಕಪ್ ಭರ್ಜರಿ ಸಿಗುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ಗ್ಯಾಸ್ ಪ್ರಮಾಣ ಅತಿಯಾದರೆ ಡೀಸೆಲ್ ಎಂಜಿನ್‌ನ ಹೆಚ್ಚಿನ ಕಂಪ್ರೆಷನ್‌ನಲ್ಲಿ ನಾಕಿಂಗ್ ಶುರುವಾಗುತ್ತದೆ.

ಏನೇನು ಹಾಳಾಗುತ್ತದೆ?

• ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ವಾಲ್ವ್ ಸೀಟ್ ಸವೆಯುತ್ತದೆ.
• ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಆಯಿಲ್, ನೀರು ತಣ್ಣಗಿಡುವವರೆಗೆ ಮಾತ್ರ ಪಿಸ್ಟನ್ ಉಳಿಯುತ್ತದೆ.
• ಟರ್ಬೊ ಬೇರಿಂಗ್‌ನಲ್ಲಿ ಆಯಿಲ್ ಕರಕಲಾಗುತ್ತದೆ, ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ.
• ಕೆಂಪಗೆ ಕಾದ ಮ್ಯಾನಿಫೋಲ್ಡ್ ಮೇಲೆ ಡೀಸೆಲ್ ಅಥವಾ ಆಯಿಲ್ ಸೋರಿದರೆ ಬೆಂಕಿ ಹತ್ತಬಹುದು. ಪಕ್ಕದಲ್ಲೇ 200 ಬಾರ್ ಒತ್ತಡದ ಗ್ಯಾಸ್ ಪೈಪ್ ಹೋಗಿದ್ದರೆ ಅಪಾಯ ಇನ್ನೂ ದೊಡ್ಡದು. ಬಸ್ ಆದರೆ ಒಳಗೆ ಜನ ಕೂತಿರುತ್ತಾರೆ ಅನ್ನೋದು ನೆನಪಿರಲಿ.

ಸೆನ್ಸರ್ ಎಲ್ಲಿ, ಹೇಗೆ ಇರಬೇಕು?

ಟರ್ಬೊಗೆ ಮುಂಚೆ, ಮ್ಯಾನಿಫೋಲ್ಡ್‌ನಲ್ಲೇ ಇದ್ದರೆ ಒಳ್ಳೆಯದು. ಟರ್ಬೊ ದಾಟಿದ ಮೇಲೆ ಅಳೆದರೆ, ಲೋಡ್ ಇದ್ದಾಗ 100ರಿಂದ 200 ಡಿಗ್ರಿಯಷ್ಟು ಕಡಿಮೆ ತೋರಿಸಬಹುದು. ಬರೀ ಮೀಟರ್ ಇದ್ದರೂ ಸಾಲದು. ಮಿತಿ ದಾಟಿದಾಗ ಬಜರ್ ಕೂಗಬೇಕು, ಡ್ಯುಯಲ್ ಫ್ಯುಯೆಲ್ ಆದರೆ ಕಂಟ್ರೋಲರ್ ತಾನಾಗಿಯೇ ಗ್ಯಾಸ್ ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು. ಸೆನ್ಸರ್ ವೈರ್ ಕಿತ್ತುಹೋದರೂ ಅದನ್ನು ‘ಬಿಸಿ ಇಲ್ಲ’ ಎಂದು ಓದದೆ ದೋಷ ಎಂದೇ ತೋರಿಸಬೇಕು. ಎಷ್ಟು ಡಿಗ್ರಿ ಮಿತಿ ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಕಿಟ್ ಕೂರಿಸುವವರಿಂದ ಬರವಣಿಗೆಯಲ್ಲಿ ಪಡೆಯಿರಿ.

ಥರ್ಮೋಕಪಲ್ ವೈರ್ ಸಾಲದಿದ್ದರೆ ಸಾಮಾನ್ಯ ತಾಮ್ರದ ವೈರ್ ಜೋಡಿಸಬೇಡಿ, ರೀಡಿಂಗ್ ತಪ್ಪುತ್ತದೆ. ಪ್ಲಸ್-ಮೈನಸ್ ಅದಲು ಬದಲಾದರೆ ಬಿಸಿ ಏರಿದಂತೆ ಮುಳ್ಳು ಇಳಿಯುತ್ತದೆ. ಸುಲಭದ ಪರೀಕ್ಷೆ: ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ. ಮೀಟರ್ ಹೆಚ್ಚುಕಡಿಮೆ ಹೊರಗಿನ ಹವೆಯಷ್ಟೇ ಬಿಸಿ ತೋರಿಸಬೇಕು. ಸೊನ್ನೆ ಅಥವಾ ಸಾವಿರ ತೋರಿಸಿದರೆ ಸೆನ್ಸರ್ ನೋಡಿಸಿ.

ಚಾಲಕರು ಏನು ಮಾಡಬೇಕು?

ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಲೋಡ್ ಹೊತ್ತು ಹತ್ತುವಾಗಲೇ ಬಿಸಿ ಹೆಚ್ಚು ಏರೋದು. ಬಜರ್ ಕೂಗಿದರೆ:

• ಆಕ್ಸಿಲರೇಟರ್ ಬಿಡಿ, ಒಂದು ಗೇರ್ ಇಳಿಸಿ. ಮೇಲಿನ ಗೇರ್‌ನಲ್ಲೇ ಎಂಜಿನ್ ಏದುಸಿರು ಬಿಡುವಂತೆ ಎಳೆಸಬೇಡಿ.
• ಡ್ಯುಯಲ್ ಫ್ಯುಯೆಲ್ ಆದರೆ ಡೀಸೆಲ್‌ಗೆ ಬದಲಿಸಿ.
• ಬಿಸಿ ಇಳಿಯದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಟರ್ಬೊ ತಣ್ಣಗಾಗಲು 2-3 ನಿಮಿಷ ಐಡಲ್‌ನಲ್ಲಿ ಓಡಿಸಿ, ನಂತರ ಆಫ್ ಮಾಡಿ.
• ಗ್ಯಾಸ್ ವಾಸನೆ ಅಥವಾ ಬೆಂಕಿ ಕಂಡರೆ ಕಾಯಬೇಡಿ. ತಕ್ಷಣ ಎಂಜಿನ್ ಆಫ್ ಮಾಡಿ, ಜನರನ್ನು ಇಳಿಸಿ ದೂರ ಕಳಿಸಿ. ಬೆಂಕಿ ಹತ್ತಿರದಲ್ಲಿ ಇಲ್ಲದಿದ್ದರೆ ಮಾತ್ರ ಸಿಲಿಂಡರ್ ವಾಲ್ವ್ ಮುಚ್ಚಿ.

ಪದೇ ಪದೇ ಕೂಗುತ್ತೆ ಅಂತ ಬಜರ್ ವೈರ್ ಕಿತ್ತುಹಾಕೋದು ಕೆಲವರ ಅಭ್ಯಾಸ. ಅದು ಪದೇ ಪದೇ ಕೂಗಿದರೆ ಟೈಮಿಂಗ್, ಗ್ಯಾಸ್ ಪ್ರಮಾಣ, ಏರ್ ಫಿಲ್ಟರ್, ಟರ್ಬೊ ಪೈಪ್ ಚೆಕ್ ಮಾಡಿಸಿ.

ದಾಖಲೆ ಸರಿ ಇರಲಿ

1998ರ ಜುಲೈ 28ರ ಸುಪ್ರೀಂ ಕೋರ್ಟ್ ಆದೇಶದ ನಂತರ ದೆಹಲಿಯ ಸಿಟಿ ಬಸ್‌ಗಳು ಸಿಎನ್‌ಜಿಗೆ ಬಂದವು. ಇಂದು ಸಿಎನ್‌ಜಿ ವಾಹನಗಳ ಹೊಗೆ ಮಾನದಂಡ ಕೇಂದ್ರ ಮೋಟಾರು ವಾಹನ ನಿಯಮಗಳ 115-ಬಿಯಲ್ಲಿದೆ. ನಿಮ್ಮ ಗಾಡಿಯ ಮಾದರಿಗೆ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಅನುಮೋದನೆ ಇರುವ ಕಿಟ್ ಮಾತ್ರ ಹಾಕಿಸಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಬದಲಾವಣೆಯನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಹಣಕ್ಕೂ ತೊಂದರೆ. ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ.

ಕಿಟ್ ದರ ಮಾತಾಡುವಾಗಲೇ ಇಜಿಟಿ ಸೆನ್ಸರ್, ಬಜರ್, ಗ್ಯಾಸ್ ಕಟ್ಆಫ್ ಮೂರೂ ಸೇರಿದೆಯಾ ಎಂದು ಕೇಳಿ, ಬಿಲ್‌ನಲ್ಲೇ ಬರೆಸಿಕೊಳ್ಳಿ. ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಇದರ ಖರ್ಚು ಏನೇನೂ ಅಲ್ಲ.